ಸಂಘ, ಲ್ಯಾಬ್, ಜೆರಾಕ್ಸ್ ಅಂಗಡಿಗಳಲ್ಲಿರುವ ನಮ್ಮ ದಾಖಲೆಗಳಿಗೂ ಬೀಗವಿರಲಿ

ಮಾನ್ಯ ಸಂಪಾದಕರೇ,

ಓಟಿಪಿ ಯಾರಿಗೂ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಎಂಬ ಎಚ್ಚರಿಕೆಯನ್ನು ಪತ್ರಿಕೆಗಳು, ಪೊಲೀಸರು, ಬ್ಯಾಂಕಿನವರು ಬಿಡದೆ ಜನರಿಗೆ ಹೇಳುತ್ತ ಬಂದಿದ್ದಾರೆ. ಅದು ಆಗಲೇಬೇಕಾದ ಕೆಲಸ. ಆದರೆ ಈ ಮಾತುಗಳೆಲ್ಲ ಕೈಯಲ್ಲಿ ಫೋನ್ ಹಿಡಿದ ಸಾಮಾನ್ಯನಿಗೆ ಹೇಳಿದವು. ಅದೇ ಸಾಮಾನ್ಯನ ಆಧಾರ್ ಪ್ರತಿ, ಪಾಸ್‌ಬುಕ್ಕು, ಪಹಣಿ, ರಕ್ತಪರೀಕ್ಷೆಯ ವರದಿ, ಮಕ್ಕಳ ಅಂಕಪಟ್ಟಿಗಳನ್ನು ತಮ್ಮ ಕಂಪ್ಯೂಟರಿನಲ್ಲಿ ತುಂಬಿಕೊಂಡು ಕುಳಿತಿರುವ ಸಂಘ, ಕಚೇರಿ, ಅಂಗಡಿಗಳಿಗೆ ಮಾತ್ರ ಯಾರೂ ಏನನ್ನೂ ಹೇಳುತ್ತಿಲ್ಲ. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ, ಪಿ.ಜೆ. ಬಡಾವಣೆಗಳಲ್ಲಿಯೂ ಸುತ್ತಲಿನ ತಾಲ್ಲೂಕುಗಳಲ್ಲಿಯೂ ಇಪ್ಪತ್ತೆರಡು ವರ್ಷಗಳಿಂದ ಇಂಥ ಕಡೆಗಳಲ್ಲೇ ಕಂಪ್ಯೂಟರ್ ಜೋಡಿಸುವ, ನೆಟ್ ಹಂಚುವ ರೌಟರ್ ಪೆಟ್ಟಿಗೆ ಕೂರಿಸುವ, ಕೆಟ್ಟದ್ದನ್ನು ಸರಿಪಡಿಸುವ ಕೆಲಸ ಮಾಡಿಕೊಂಡು ಬಂದಿರುವ ನನಗೆ, ಒಳಗೆ ನಿಂತು ಕಂಡದ್ದನ್ನು ಹೊರಗಿನವರಿಗೆ ತಿಳಿಸಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ರೈತರೊಬ್ಬರ ಉಳಿತಾಯ ಖಾತೆಯಿಂದ 38,000 ರೂಪಾಯಿ ಅವರಿಗೆ ತಿಳಿಯದಂತೆ ಬೇರೊಂದು ಖಾತೆಗೆ ವರ್ಗವಾಗಿ, ಅಲ್ಲಿಂದ ನಗದಾಗಿ ಹೊರಗೆ ಹೋಗಿತ್ತು. ಯಾರು ಮಾಡಿದ್ದೆಂದು ಕಂಪ್ಯೂಟರ್ ನೋಡಿ ಹೇಳಲು ನನ್ನನ್ನು ಕರೆಸಿದರು. ಲೆಕ್ಕದ ತಂತ್ರಾಂಶದಲ್ಲಿ ಎಲ್ಲವೂ ದಾಖಲಾಗಿತ್ತು: ದಿನ, ಹೊತ್ತು, ಮೊತ್ತ, ಮಾಡಿದವರ ಹೆಸರು. ಹೆಸರಿನ ಜಾಗದಲ್ಲಿ 'ಅಡ್ಮಿನ್' ಎಂದಿತ್ತು. ಆ ಸಂಘದಲ್ಲಿದ್ದ ಐದೂ ಮಂದಿ ಬೆಳಗ್ಗೆ ಬಂದು 'ಅಡ್ಮಿನ್' ಎಂಬ ಆ ಒಂದೇ ಹೆಸರಿನಲ್ಲಿ ಒಳಹೊಕ್ಕು, ಸಂಜೆ ಅದೇ ಹೆಸರಿನಲ್ಲಿ ಹೊರಬರುತ್ತಿದ್ದರು. ಕೀಬೋರ್ಡನ್ನು ಮಗುಚಿ ನೋಡಿದರೆ, ಅಂಚು ಕಪ್ಪಾಗಿ ಮೂಲೆ ಎದ್ದ ಒಂದು ಚೀಟಿಯನ್ನು ಸೆಲ್ಲೋಟೇಪಿನಿಂದ ಅಂಟಿಸಿದ್ದರು. ಅದರಲ್ಲಿ ಮೂರು ಬಾರಿ ಹೊಡೆದುಹಾಕಿ ನಾಲ್ಕನೆಯ ಬಾರಿ ಬರೆದ ಪಾಸ್‌ವರ್ಡ್ ಇತ್ತು, ಹೊಡೆದುಹಾಕಿದ ಮೂರೂ ಸುಲಭವಾಗಿ ಓದಲು ಬರುತ್ತಿದ್ದವು. ನಾಲ್ಕೂ ಸಂಘದ ಹೆಸರಿನಿಂದಲೇ ಆರಂಭವಾಗಿ 123ರಿಂದ 126ರವರೆಗೆ ಸಾಗಿದ್ದವು.

ಅನುಮಾನ ಬಂದದ್ದು ಕೌಂಟರಿನಲ್ಲಿ ಕೂರುತ್ತಿದ್ದ, ಎಲ್ಲರಿಗಿಂತ ಕಿರಿಯಳಾದ ಹೆಣ್ಣುಮಗಳ ಮೇಲೆ. "ಅಣ್ಣಾ, ಐದು ಜನಕ್ಕೂ ಒಂದೇ ಪಾಸ್‌ವರ್ಡು ಅಂತ ನಿಮಗೆ ಗೊತ್ತೈತೆ. ನಾನೇ ಮಾಡೀನಿ ಅಂತ ಅವರು ಹೆಂಗ್ ಹೇಳ್ತಾರೆ, ಮಾಡಿಲ್ಲ ಅಂತ ನಾನಾದ್ರೂ ಹೆಂಗ್ ತೋರಿಸ್ಲಿ?" ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಯಾವುದೂ ಸಾಬೀತಾಗಲಿಲ್ಲ, ರೈತರ ಹಣವನ್ನು ಸಂಘ ತುಂಬಿಕೊಟ್ಟಿತು, ಆಕೆ ಕೆಲಸ ಬಿಟ್ಟಳು. ಬೀಗವಿರುವುದು ಕಳ್ಳನನ್ನು ಹೊರಗಿಡುವುದಕ್ಕೆ ಎಂದುಕೊಂಡಿದ್ದ ನನಗೆ, ತಪ್ಪು ಮಾಡದವರನ್ನು ಕಾಯುವುದಕ್ಕೂ ಅದೇ ಬೇಕು ಎಂಬುದು ಅಂದು ಮನದಟ್ಟಾಯಿತು. ಕಂಪ್ಯೂಟರಿನ ಭಾಷೆಯಲ್ಲಿ ದೃಢೀಕರಣ ಎಂದು ಕರೆಯುವುದು ಇದನ್ನೇ: ಒಳಗೆ ಬಂದವರು ಇಂಥವರೇ ಎಂದು ಖಾತ್ರಿ ಮಾಡಿಕೊಳ್ಳುವುದು. ಅದಾದರೆ ಮಾತ್ರ ಅವರು ಮಾಡಿದ್ದನ್ನು ಅವರ ಹೆಸರಿನಲ್ಲೇ ಬರೆದಿಡಲು ಬರುತ್ತದೆ.

ಇದೇನೂ ಹೊಸ ವಿದ್ಯೆಯಲ್ಲ. ಐವತ್ತು ದಾಟಿದ ಓದುಗರಿಗೆ ಹಿಂದಿನ ಬ್ಯಾಂಕುಗಳ ಹಿತ್ತಾಳೆ ಟೋಕನ್ ನೆನಪಿರಬಹುದು. ಚೆಕ್ಕು ಕೊಟ್ಟರೆ ಗುಮಾಸ್ತರು ಮಾದರಿ ಸಹಿಯ ಕಾರ್ಡು ತೆಗೆದು ನಮ್ಮ ಸಹಿಯನ್ನು ಅದರೊಂದಿಗೆ ಹೋಲಿಸುತ್ತಿದ್ದರು, ನಂತರ ಸಂಖ್ಯೆ ಕೊರೆದ ಒಂದು ಬಿಲ್ಲೆಯನ್ನು ಕೈಗೆ ಕೊಡುತ್ತಿದ್ದರು. ನಗದು ಗುಮಾಸ್ತರು ಆ ಸಂಖ್ಯೆ ಕೂಗಿದಾಗ ಬಿಲ್ಲೆ ಒಪ್ಪಿಸಿ, ಚೆಕ್ಕಿನ ಹಿಂದೆ ಮತ್ತೊಮ್ಮೆ ಸಹಿ ಹಾಕಿದ ಮೇಲಷ್ಟೇ ಹಣ. ಸಹಿ ನಮ್ಮದಾಗಿರಬೇಕು, ಬಿಲ್ಲೆಯೂ ನಮ್ಮ ಕೈಯಲ್ಲಿರಬೇಕು. ಎರಡರಲ್ಲಿ ಒಂದು ಕಳ್ಳನ ಪಾಲಾದರೂ ಇನ್ನೊಂದು ನಮ್ಮನ್ನು ಕಾಯುತ್ತಿತ್ತು. ಇಂದು ಎರಡು ಹಂತದ ದೃಢೀಕರಣ ಎನ್ನುವುದು ಆ ಬಿಲ್ಲೆಯ ಲೆಕ್ಕವೇ. ಅಂತರ್ಜಾಲದಲ್ಲಿ ಕಾರ್ಡಿನಿಂದ ಹಣ ಪಾವತಿಸುವಾಗ ಕಾರ್ಡಿನ ಮೇಲೆ ಅಚ್ಚಾದ ಸಂಖ್ಯೆಗಳಷ್ಟೇ ಸಾಲದು, ಇನ್ನೊಂದು ಗುರುತೂ ಬೇಕು ಎಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯ ಮಾಡಿತು. 2016ರಲ್ಲಿ ಬಂದ ಯುಪಿಐನಲ್ಲಿ ಆ್ಯಪ್ ನಮ್ಮ ಸಿಮ್ಮಿಗೂ ಫೋನಿಗೂ ಕಟ್ಟಿಕೊಂಡಿರುತ್ತದೆ, ಅದರ ಮೇಲೆ ಪಿನ್ ಬೇರೆ. ಸಂಜೆ ಹೊತ್ತು ಗಾಡಿಯ ಮುಂದೆ ನಿಂತು ಮಂಡಕ್ಕಿ ಮೆಣಸಿನಕಾಯಿಗೆ ಮೂವತ್ತು ರೂಪಾಯಿ ಕೊಡಲು ಎರಡು ಬೀಗ ತೆಗೆಯಬೇಕಾದ ಊರಿನಲ್ಲಿ, ಕೋಟ್ಯಂತರ ರೂಪಾಯಿ ಠೇವಣಿಯ ಲೆಕ್ಕವಿರುವ ಕಂಪ್ಯೂಟರ್ ಒಂದು ಚೀಟಿಯಿಂದ ತೆರೆದುಕೊಳ್ಳುತ್ತದೆ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಅದಕ್ಕೆ ಬೇಕಾದ ಎರಡನೆಯ ಬೀಗಕ್ಕೆ ಖರ್ಚೂ ಇಲ್ಲ. ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಯ ಸಂಕೇತ ತೋರಿಸುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ, ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತವೆ. ನಕಲಿ ಸಿಮ್ ತೆಗೆಸಿ ಎಸ್ಸೆಮ್ಮೆಸ್ ಕದಿಯುವವರಿಗೆ ಅವು ಸಿಕ್ಕುವುದಿಲ್ಲ.

ಇನ್ನು ರೌಟರ್ ಮತ್ತು ಸಿಸಿ ಕ್ಯಾಮೆರಾಗಳ ವಿಚಾರ. ಪೆಟ್ಟಿಗೆಯಿಂದ ತೆಗೆದ ಹೊಸ ರೌಟರಿಗೋ ಕ್ಯಾಮೆರಾಕ್ಕೋ ಕಾರ್ಖಾನೆಯವರು ಹಾಕಿಟ್ಟ ಹೆಸರು, ಪಾಸ್‌ವರ್ಡ್ ಇರುತ್ತವೆ. ಬಹಳ ಕಡೆ ಎರಡೂ 'ಅಡ್ಮಿನ್'. ಅವನ್ನು ಬದಲಿಸದೆ ಹಾಗೆಯೇ ಬಿಟ್ಟುಬರುವವರು ನಮ್ಮ ಕಸುಬಿನಲ್ಲಿ ಇಂದಿಗೂ ಇದ್ದಾರೆ. ಬದಲಿಸಿದರೂ ತಮ್ಮ ಎಲ್ಲ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್ ಹಾಕಿ, ನೆನಪಿಡಲು ಸುಲಭ ಎನ್ನುವವರು ಇನ್ನೂ ಹೆಚ್ಚು. ಮೊದಲ ನಾಲ್ಕೈದು ವರ್ಷ ನಾನೂ ಹಾಗೆಯೇ ಮಾಡಿದ್ದೇನೆ. ಅದನ್ನು ಒಪ್ಪಿಕೊಳ್ಳದೆ ಈ ಪತ್ರ ಬರೆಯುವುದು ಸರಿಯಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮೊಂದು ಲೋಕದ ತುಂಬ ಹರಡಿತು. ಅದರಲ್ಲಿದ್ದ ಜಾಣತನವಿಷ್ಟೇ: ಕಾರ್ಖಾನೆಯ ಹೆಸರು–ಪಾಸ್‌ವರ್ಡ್‌ಗಳ ಸುಮಾರು ಅರವತ್ತು ಜೋಡಿಗಳ ಪಟ್ಟಿಯನ್ನು ಇಟ್ಟುಕೊಂಡು, ಸಿಕ್ಕಸಿಕ್ಕ ಕ್ಯಾಮೆರಾ, ರೌಟರ್‌ಗಳ ಬಾಗಿಲಲ್ಲಿ ಒಂದೊಂದಾಗಿ ಹಾಕಿ ನೋಡುವುದು. ಹಾಗೆ ವಶವಾದ ಉಪಕರಣಗಳ ದಂಡನ್ನು ಒಟ್ಟಿಗೆ ಛೂ ಬಿಟ್ಟಾಗ, ಅದೇ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳೇ ಗಂಟೆಗಟ್ಟಲೆ ಸಿಗದಾದವು. ಕ್ಯಾಮೆರಾ ಇಟ್ಟುಕೊಂಡವರಿಗೆ ತಮ್ಮ ಗೋಡೆಯ ಮೇಲಿನ ಪೆಟ್ಟಿಗೆ ಯಾರ ಚಾಕರಿ ಮಾಡುತ್ತಿದೆ ಎಂಬುದರ ಸುಳಿವೂ ಇರಲಿಲ್ಲ.

ವೈ-ಫೈ ವಿಷಯದಲ್ಲಿ ಇನ್ನೊಂದು ಮಾತು. ಒಂದು ರೋಗಪತ್ತೆ ಕೇಂದ್ರದಲ್ಲಿ ರೋಗಿಗಳ ಕಡೆಯವರಿಗೆ ಅನುಕೂಲವಾಗಲೆಂದು ವೈ-ಫೈ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಬಿಲ್ಲಿನ ಕಂಪ್ಯೂಟರೂ ವರದಿಗಳ ಕಂಪ್ಯೂಟರೂ ಅದೇ ಜಾಲದಲ್ಲಿದ್ದವು, ಒಳಗಿನ ಸಿಬ್ಬಂದಿಗೆ ಸುಲಭವಾಗಲೆಂದು ವರದಿಗಳ ಫೋಲ್ಡರನ್ನು ಪಾಸ್‌ವರ್ಡ್ ಇಲ್ಲದೆ ಹಂಚಿಟ್ಟಿದ್ದರು. ಬೆಂಚಿನ ಮೇಲೆ ಕುಳಿತು ನನ್ನ ಫೋನಿನಲ್ಲಿ ನೋಡಿದಾಗ ರೋಗಿಗಳ ಹೆಸರು, ವಯಸ್ಸು, ಪರೀಕ್ಷೆಯ ಹೆಸರುಗಳಿದ್ದ ಕಡತಗಳ ಸಾಲು ಕಂಡಿತು. ಒಂದನ್ನೂ ತೆರೆಯದೆ ಅಲ್ಲಿನ ವ್ಯವಸ್ಥಾಪಕರಿಗೆ ತೋರಿಸಿದೆ. ಆ ಸಾಲಿನಲ್ಲಿ ಹೊರಗೆ ಗೊತ್ತಾದರೆ ಮದುವೆ ಮುರಿಯುವ, ಕೆಲಸ ಹೋಗುವ ಪರೀಕ್ಷೆಗಳ ಹೆಸರುಗಳೂ ಇದ್ದವು. ಬಂದವರಿಗೆ ಬೇರೆ ಜಾಲ, ಒಳಗಿನವರಿಗೆ ಬೇರೆ ಜಾಲ ಮಾಡಲು ಅವರಲ್ಲಿದ್ದ ರೌಟರಿನಲ್ಲೇ ಅವಕಾಶವಿತ್ತು, ಅರ್ಧ ಗಂಟೆಯ ಕೆಲಸ. ಹಾಗೆಯೇ ಹಳೆಯ ರೌಟರ್‌ಗಳಲ್ಲಿ ಡಬ್ಲ್ಯುಇಪಿ ಎಂಬ ಹಳೆಯ ಬೀಗವನ್ನೇ ಇಟ್ಟುಕೊಂಡವರಿದ್ದಾರೆ. ಅದನ್ನು ಮುರಿಯುವ ಬಗೆ 2001ರಲ್ಲೇ ಬಯಲಾಗಿದೆ. ಸೆಟ್ಟಿಂಗ್‌ನಲ್ಲಿ ಅದರ ನಂತರ ಬಂದ ಗಟ್ಟಿ ಬೀಗಗಳಾದ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇದೆಯೇ ಎಂದು ನೋಡಿಕೊಳ್ಳಬೇಕು.

ಒಳಗೆ ಬಂದವರು ಯಾರೆಂದು ತಿಳಿದರೆ ಅರ್ಧ ಕೆಲಸ ಆದಂತೆ. ಇನ್ನರ್ಧ, ದಾಖಲೆ ಬೇರೆಯವರ ಕೈಗೆ ಸಿಕ್ಕರೂ ಅವರಿಗೆ ಓದಲು ಬರದಂತೆ ಮಾಡುವುದು, ಅಂದರೆ ಗೂಢಲಿಪೀಕರಣ; ನಮ್ಮ ಕಸುಬಿನವರು ಎನ್‌ಕ್ರಿಪ್ಷನ್ ಎಂದೇ ಹೇಳುತ್ತೇವೆ. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ಕಂಡವರಿಗೆ ಇದರ ತಿರುಳು ಬೇಗ ಅರ್ಥವಾಗುತ್ತದೆ. ಯಾವ ಬೆರಳಿಗೆ ಎಷ್ಟು ಎಂಬ ಲೆಕ್ಕ ಸುತ್ತ ನಿಂತ ಎಲ್ಲ ದಲ್ಲಾಳಿಗಳಿಗೂ ಗೊತ್ತು, ವ್ಯಾಪಾರ ನಡೆಯುತ್ತಿರುವುದೂ ಎಲ್ಲರ ಕಣ್ಣೆದುರಿಗೇ. ಆದರೂ ಈ ಹೊತ್ತು ಯಾವ ಬೆರಳು ಹಿಡಿದರು ಎಂಬುದು ಆ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ತಿಳಿಯದು. ಇಂದು ಲೋಕದ ತುಂಬ ಬಳಕೆಯಲ್ಲಿರುವ ಎಇಎಸ್ ಎಂಬ ವಿಧಾನವೂ ಹಾಗೆಯೇ. ಬೆಲ್ಜಿಯಂನ ಇಬ್ಬರು ತಜ್ಞರು ರೂಪಿಸಿದ ಅದನ್ನು 2001ರಲ್ಲಿ ಅಮೆರಿಕ ಸರ್ಕಾರ ತನ್ನ ಮಾನದಂಡವಾಗಿ ಒಪ್ಪಿಕೊಂಡಿತು. ಅದು ನಡೆಯುವ ಬಗೆಯಲ್ಲಿ ಗುಟ್ಟೇನೂ ಇಲ್ಲ, ಬೇಕಾದವರು ಓದಬಹುದು. ಗುಟ್ಟಿರುವುದು ಕೀಲಿಯಲ್ಲಿ ಮಾತ್ರ. ಅದರ ಚಿಕ್ಕ ಅಳತೆಯ ಕೀಲಿಯಲ್ಲೇ ಇರಬಹುದಾದ ಸಾಧ್ಯತೆಗಳನ್ನು ಎಣಿಸಿದರೆ 39 ಅಂಕಿಗಳ ಸಂಖ್ಯೆ ಬರುತ್ತದೆ. ಒಂದೊಂದಾಗಿ ಹಾಕಿ ನೋಡಿ ತೆರೆಯುವುದು ಆಗುವ ಮಾತಲ್ಲ. ಆದ್ದರಿಂದ ಕಳ್ಳರು ಆ ಬೀಗದ ತಂಟೆಗೆ ಹೋಗುವುದಿಲ್ಲ. ಕೀಲಿ ಎಲ್ಲಿಟ್ಟಿದ್ದಾರೆ, ಬೀಗ ಹಾಕಲು ಯಾರು ಮರೆತಿದ್ದಾರೆ ಎಂದು ಹುಡುಕುತ್ತಾರೆ.

ಮರೆತಿರುವುದು ಎಲ್ಲಿ ಎಂಬುದನ್ನು ನಾನು ತಾಯಿಯವರ ಪಿಂಚಣಿ ಕಾಗದಗಳನ್ನು ಮುದ್ರಿಸಲು ಹೋಗಿದ್ದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಡೆ. ಅಲ್ಲಿ ಎಲ್ಲರೂ ಮಾಡುವಂತೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ವಾಟ್ಸ್ಆ್ಯಪ್ 2016ರಿಂದ ಸಂದೇಶಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೂಢಲಿಪಿಯಲ್ಲೇ ಸಾಗಿಸುತ್ತದೆ. ದಾರಿಯಲ್ಲಿ ಯಾರೂ ಓದಲಾರರು. ಆದರೆ ದಾರಿ ಮುಗಿದು ಅಂಗಡಿಯ ಕಂಪ್ಯೂಟರಿಗೆ ಇಳಿದ ಕ್ಷಣ ಆ ಕಾಗದ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬೆತ್ತಲೆಯಾಗಿ ಬಿದ್ದಿರುತ್ತದೆ. ಹುಡುಗ ನನ್ನ ಕಡತ ಹುಡುಕುತ್ತ ಪರದೆಯನ್ನು ಮೇಲೆ ಕೆಳಗೆ ಸರಿಸುತ್ತಿದ್ದಾಗ ಆಧಾರ್ ಕಾರ್ಡುಗಳು, ಪ್ಯಾನ್ ಕಾರ್ಡುಗಳು, ಖಾತೆ ಸಂಖ್ಯೆ ಕಾಣುವ ಪಾಸ್‌ಬುಕ್ಕಿನ ಮೊದಲ ಪುಟಗಳು, ಬಾಡಿಗೆ ಕರಾರುಗಳು, ನಮ್ಮ ಬೀದಿಯಲ್ಲೇ ಇರುವ ಒಬ್ಬ ಹುಡುಗಿಯ ಫೋಟೋ ಇದ್ದ ಅಂಕಪಟ್ಟಿ, ಹೀಗೆ ನೂರಾರು ಜನರ ಬದುಕು ನನ್ನ ಕಣ್ಣ ಮುಂದೆ ಹಾದುಹೋಯಿತು. ಯಾವಾಗ ಅಳಿಸುತ್ತೀಯಪ್ಪಾ ಎಂದರೆ, "ಡಿಸ್ಕ್ ತುಂಬಿದಾಗ ಸಾರ್" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಬೆಳಗ್ಗಿನಿಂದ ರಾತ್ರಿಯವರೆಗೆ ನಿಂತು ದುಡಿಯುವ ಆ ಹುಡುಗನಿಗೆ, ಮುದ್ರಿಸಿದ ಕೂಡಲೇ ಅಳಿಸು, ರಿಸೈಕಲ್ ಬಿನ್ ಖಾಲಿ ಮಾಡು, ಅಂಗಡಿ ಮುಚ್ಚುವಾಗ ವಾಟ್ಸ್ಆ್ಯಪ್‌ನಿಂದ ಹೊರಬಾ ಎಂದು ಯಾರೂ ಹೇಳಿಲ್ಲ. ಕೊಡುವ ನಾವೂ ಎಚ್ಚರ ವಹಿಸಬಹುದು. ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುವಂಥ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರದ ತಾಣದಿಂದಲೇ ಪಡೆಯಬಹುದು. ಬೆರಳಚ್ಚಿನಿಂದ ಹಣ ತೆಗೆಯುವ ವ್ಯವಸ್ಥೆ ನಮಗೆ ಬೇಡವಾಗಿದ್ದರೆ ನಮ್ಮ ಬೆರಳಚ್ಚಿಗೆ ಅಲ್ಲಿಯೇ ಬೀಗ ಹಾಕಿ, ಬೇಕಾದಾಗ ತೆಗೆದುಕೊಳ್ಳಲೂ ಬಹುದು.

ಲ್ಯಾಪ್‌ಟಾಪ್‌ಗೆ ಪಾಸ್‌ವರ್ಡ್ ಇದೆಯಲ್ಲ, ಕಳೆದರೂ ಭಯವಿಲ್ಲ ಎಂದು ಲೆಕ್ಕಪತ್ರ ಬರೆಯುವ ಮಿತ್ರರು ಹೇಳುವುದನ್ನು ಕೇಳಿದ್ದೇನೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಆ ಪಾಸ್‌ವರ್ಡ್ ಮುಂಬಾಗಿಲು ಮಾತ್ರ. ಎರಡು ಸ್ಕ್ರೂ ಬಿಚ್ಚಿ ಒಳಗಿನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ, ಪಾಸ್‌ವರ್ಡಿನ ಹಂಗೇ ಇಲ್ಲದೆ ನೂರಾರು ಗಿರಾಕಿಗಳ ಲೆಕ್ಕ ಎದುರಿಗೆ ತೆರೆದುಕೊಳ್ಳುತ್ತದೆ. ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್‌ನಂಥ ಸೌಲಭ್ಯ ವಿಂಡೋಸ್‌ನ ಪ್ರೊ ಆವೃತ್ತಿಗಳಲ್ಲಿ ಇದ್ದೇ ಇದೆ, ಹಾಕಿಕೊಂಡವರು ಕಡಿಮೆ. ಹಾಕುವಾಗ ಅದು ಕೊಡುವ ಉದ್ದನೆಯ ಮರುಪ್ರಾಪ್ತಿ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ತಿಜೋರಿಯಲ್ಲಿ ಇಡಲೇಬೇಕು, ಏಕೆಂದರೆ ಕೀಲಿ ಕಳೆದರೆ ಅದೇ ಬೀಗ ಯಜಮಾನನಿಗೂ ತೆರೆಯದು.

ಜಾಲತಾಣಗಳ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ವಿಳಾಸದ ಆರಂಭದಲ್ಲಿ ಎಚ್‌ಟಿಟಿಪಿಎಸ್ ಎಂದಿದ್ದರೆ ನಮಗೂ ಆ ತಾಣಕ್ಕೂ ನಡುವಿನ ಮಾತು ಗೂಢಲಿಪಿಯಲ್ಲಿದೆ ಎಂದು ಅರ್ಥ. ಆ ಬದಿಯಲ್ಲಿ ಇರುವವನು ಸಜ್ಜನ ಎಂದು ಅರ್ಥವಲ್ಲ, ಮೋಸಗಾರನ ತಾಣಕ್ಕೂ ಅದು ಸಿಗುತ್ತದೆ. ಆದರೆ ಅದೂ ಇಲ್ಲದ ತಾಣದಲ್ಲಿ ಮಕ್ಕಳ ಪ್ರವೇಶದ ಅರ್ಜಿ ತುಂಬಿಸಿಕೊಳ್ಳುವ ಸಂಸ್ಥೆಗಳಿಗೆ ಯಾವ ನೆಪವೂ ಇಲ್ಲ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭದ ಉದ್ದೇಶವಿಲ್ಲದ ವ್ಯವಸ್ಥೆ ಸುಮಾರು ಹತ್ತು ವರ್ಷಗಳಿಂದ ಯಾರಿಗಾದರೂ ಉಚಿತವಾಗಿ ಕೊಡುತ್ತಿದೆ. ಇನ್ನೊಂದು ಪರೀಕ್ಷೆಯನ್ನು ಓದುಗರೇ ಮಾಡಬಹುದು: ಪಾಸ್‌ವರ್ಡ್ ಮರೆತೆ ಎಂದಾಗ ಹೊಸದನ್ನು ಹಾಕಿಕೊಳ್ಳಿ ಎನ್ನದೆ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಯಾವುದಾದರೂ ಸಂಸ್ಥೆ ಕಳಿಸಿಕೊಟ್ಟರೆ, ಅದು ಅವರಲ್ಲಿ ಯಾರಾದರೂ ಓದಬಹುದಾದ ರೂಪದಲ್ಲೇ ಇದೆ ಎಂದು ತಿಳಿಯಿರಿ. ಸರಿಯಾಗಿ ಇಟ್ಟವರಿಗೆ ಅದನ್ನು ಹೇಳಲು ಬರುವುದೇ ಇಲ್ಲ.

ನಮ್ಮಂಥ ಸಣ್ಣವರ ತಂಟೆಗೆ ಯಾರು ಬರುತ್ತಾರೆ ಎಂಬ ಮಾತು ಈ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಉತ್ತರ. ಮಿರಾಯ್ ಯಾರ ಹೆಸರನ್ನೂ ಕೇಳಿಕೊಂಡು ಬರಲಿಲ್ಲ, ಬಾಗಿಲು ತೆರೆದಿದ್ದ ಕಡೆ ನುಗ್ಗಿತು. ದೊಡ್ಡವರಿಗೂ ವಿನಾಯಿತಿ ಸಿಕ್ಕಿಲ್ಲ: 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಜಾಲಕ್ಕೆ ನುಗ್ಗಿದವರು ಸುಮಾರು 94 ಕೋಟಿ ರೂಪಾಯಿ ದೋಚಿದರು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಡತಗಳನ್ನು ದಾಳಿಕೋರರೇ ಗೂಢಲಿಪಿಗೆ ತಿರುಗಿಸಿ ಕೀಲಿಯನ್ನು ತಮ್ಮ ಬಳಿ ಇಟ್ಟುಕೊಂಡಾಗ, ದಿನಗಟ್ಟಲೆ ಹೊರರೋಗಿಗಳ ಚೀಟಿಗಳನ್ನು ಕೈಯಲ್ಲಿ ಬರೆಯಬೇಕಾಯಿತು. ಅಂಥ ಹೊತ್ತಿನಲ್ಲಿ ಉಳಿಸುವುದು ಬೇರೆ ಕಡೆ ಎತ್ತಿಟ್ಟ ಪ್ರತಿಯೊಂದೇ, ಅದೂ ಕಂಪ್ಯೂಟರಿಗೆ ಸದಾ ಚುಚ್ಚಿಟ್ಟ ಪೆನ್ ಡ್ರೈವ್ ಅಲ್ಲ. ಅದೂ ಜೊತೆಗೇ ಹೋಗುತ್ತದೆ.

ಕಾನೂನಿನ ಬಲವೂ ಈಗ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಹೊರಬಿದ್ದವು. ಜನರ ದತ್ತಾಂಶ ಇಟ್ಟುಕೊಂಡವರು ಅದನ್ನು ಗೂಢಲಿಪೀಕರಣದಂಥ ಕ್ರಮಗಳಿಂದ ಕಾಯಬೇಕು, ಯಾರು ನೋಡಬಹುದು ಎಂಬುದಕ್ಕೆ ಮಿತಿ ಇರಬೇಕು, ಯಾರು ನೋಡಿದರು ಎಂಬ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಟ್ಟಿರಬೇಕು ಎಂದು ಆ ನಿಯಮಗಳೇ ಹೇಳುತ್ತವೆ. ಸುರಕ್ಷತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಮುಖ್ಯ ಕಟ್ಟಳೆಗಳು ಜಾರಿಯಾಗಲು ನಿಯಮಗಳು ಹೊರಬಿದ್ದಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಆ ಅವಧಿಯನ್ನು ಸುಮ್ಮನೆ ಕಳೆದು, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದು ಎಂಬುದೇ ನನ್ನ ಕಳವಳ.

ಆದ್ದರಿಂದ ಜಿಲ್ಲಾಡಳಿತಕ್ಕೂ ಸಹಕಾರ ಇಲಾಖೆಗೂ ನನ್ನ ವಿನಂತಿ ಇದು. ಸಹಕಾರ ಸಂಘಗಳಿಗೆ ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗುತ್ತದೆ. ನಗದು ಎಣಿಸಿ, ವೋಚರ್ ತಾಳೆ ನೋಡುವ ಪರಿಶೋಧಕರು ಪ್ರತಿ ನೌಕರನಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇದೆಯೇ, ಕೆಲಸ ಬಿಟ್ಟವರ ಹೆಸರನ್ನು ಅಂದೇ ಮುಚ್ಚಲಾಗಿದೆಯೇ, ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಬೇಕಾಗುತ್ತದೆಯೇ ಎಂಬುದನ್ನೂ ನೋಡಿ ವರದಿಯಲ್ಲಿ ಬರೆಯುವಂತಾಗಲಿ. ಮಹಾನಗರ ಪಾಲಿಕೆ ಜೆರಾಕ್ಸ್ ಮತ್ತು ಸೈಬರ್ ಅಂಗಡಿಗಳ ಪರವಾನಗಿ ನವೀಕರಿಸುವಾಗ ಕನ್ನಡದಲ್ಲಿ ಅಚ್ಚಾದ ಒಂದು ಪುಟದ ಸೂಚನೆ ಕೊಟ್ಟು, ಗಿರಾಕಿಗೆ ಕಾಣುವಂತೆ ಅಂಟಿಸಲು ಹೇಳಲಿ. ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ 2016ರ ಜನವರಿಯಲ್ಲಿ ಸ್ಥಾನ ಪಡೆದ ಊರು ನಮ್ಮದು. ಇಷ್ಟನ್ನು ಮಾಡಲು ಹೊಸ ಅನುದಾನವೂ ಬೇಕಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ಹೋಬಳಿಗೊಂದು ತಂಡ ಮಾಡಿಕೊಂಡು ಸಂಘಗಳಿಗೆ ಹೋಗಿ ಇದನ್ನು ಕಲಿಸಿಕೊಡುವುದಾದರೆ, ಭಾನುವಾರಗಳಂದು ಅವರ ಜೊತೆ ಬರಲು ನಾನು ಸಿದ್ಧನಿದ್ದೇನೆ, ನನ್ನ ಕಸುಬಿನ ಇನ್ನೂ ನಾಲ್ಕಾರು ಗೆಳೆಯರೂ ಒಪ್ಪಿದ್ದಾರೆ.

ಸಂಘಗಳ ಸದಸ್ಯರಲ್ಲಿಯೂ ಒಂದು ಕೋರಿಕೆ ಇದೆ. ಸೆಪ್ಟೆಂಬರ್‌ನಲ್ಲಿ ನಡೆಯುವ ವಾರ್ಷಿಕ ಮಹಾಸಭೆಗೆ ಹೋದಾಗ ಡಿವಿಡೆಂಡ್ ಎಷ್ಟು ಎಂದು ಕೇಳಿದ ಮೇಲೆ, ನನ್ನ ಖಾತೆಯನ್ನು ಈ ಕಚೇರಿಯಲ್ಲಿ ಯಾರು ಯಾರು ತೆರೆಯಬಹುದು, ತೆರೆದರೆ ಅದು ಯಾರ ಹೆಸರಿನಲ್ಲಿ ದಾಖಲಾಗುತ್ತದೆ ಎಂದೂ ಎದ್ದು ನಿಂತು ಕೇಳಿ, ಕಾರ್ಯದರ್ಶಿಗಳು ಕೊಡುವ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಇಂತಿ,
ಕಂಪ್ಯೂಟರ್ ಜಾಲದ ಕಸುಬಿನ ಒಬ್ಬ ಓದುಗ,
ವಿದ್ಯಾನಗರ, ದಾವಣಗೆರೆ